ಚಿಕ್ಕ ರೆಕಾರ್ಡಿನ ಕೊನೆ

ಕಣ್ಣಿಗೆ ಹನಿ ಬಿಟ್ಟು, ಕರೆಯುವ ತನಕ ಕಣ್ಣು ಬಿಡಕೂಡದೆಂದು ನರ್ಸ್ ತಾಕೀತು ಮಾಡಿದ್ದಳು. ಕಣ್ಣು ಮುಚ್ಚಿದರೆ ಕಿವಿ ಸುಮ್ಮನಿರುತ್ತದೆಯೇ? ಅದೇ ಬೆಂಚಿನಲ್ಲಿ ಕೂತ ಅಕ್ಕ-ತಂಗಿಯರ ಮಾತು ಅಂಚೆಯಣ್ಣನಿಗೆ ಕೇಳಿಸುತ್ತಲೇ ಇತ್ತು. ಕಣ್ಣಾಸ್ಪತ್ರೆಯ ರೇಡಿಯೊದಲ್ಲಿ ಹಾಡುಗಾರರಿಲ್ಲದ, ಬರೀ ಗಿಟಾರಿನ ಹಳೆಯ ಟ್ಯೂನೊಂದು ಶುರುವಾಯಿತು.

"ಅಕ್ಕಾ, ಭಾವ ಶೇವ್ ಮಾಡ್ಕೊಳ್ವಾಗ ಶಿಳ್ಳೆ ಹಾಕ್ತಿದ್ದದ್ದು ಇದೇ ಅಲ್ವಾ?"

"ಇದೇ ಕಣೇ. ಸುಮ್ನಿರು, ಈಗ ಸಣ್ಣಗಾಗ್ತಾ ಹೋಗುತ್ತೆ."

ಸಣ್ಣಗಾಗಲಿಲ್ಲ.

"ಇನ್ನೂ ಬರ್ತಾನೇ ಇದೆಯಲ್ಲೇ!"

"ಇದು ದೊಡ್ಡ ರೆಕಾರ್ಡಿಂದು, ಪೂರ್ತಿ ಇರುತ್ತೆ. ನಿಮ್ಮನೇದು ಚಿಕ್ಕದು. ಅದ್ರಲ್ಲಿ ಪೂರ್ತಿ ಹಿಡಿಯಲ್ಲ ಅಂತ ಮಧ್ಯದಲ್ಲೇ ಸದ್ದು ಇಳಿಸಿಬಿಡ್ತಿದ್ರು."

"ನಿಮ್ಮ ಭಾವ ಹಾಗನ್ತಿರಲಿಲ್ಲ. ನುಡಿಸೋರು ನಿಲ್ಲಿಸಿಲ್ಲ ಕಣೇ, ನುಡಿಸ್ತಾ ನುಡಿಸ್ತಾ ದೂರ ಹೋಗಿದ್ದಾರೆ, ನಮಗೆ ಕೇಳಿಸ್ತಿಲ್ಲ ಅಷ್ಟೆ, ಅನ್ನೋರು."

ಡ್ರಮ್ಮಿನ ಒಂದೇ ಏಟಿಗೆ ಟ್ಯೂನ್ ನಿಂತಿತು.

"ಮುಗೀತಾ?"

"ಮುಗೀತಕ್ಕಾ."

"ನಮ್ಮದೇ ಚೆನ್ನಾಗಿತ್ತು."

ಅಷ್ಟರಲ್ಲಿ ಅವರಿಗೆ ಕರೆ ಬಂತು.

"ಕೈ ಕೊಡಕ್ಕಾ, ಮೆಟ್ಟಿಲಿದೆ."

ಅಕ್ಕ ಆ ಟ್ಯೂನನ್ನೇ ಗುನುಗುತ್ತಾ ಹೊರಟಳು. ಗುನುಗು ಕಾರಿಡಾರಿನುದ್ದಕ್ಕೂ ಸಣ್ಣಗಾಗುತ್ತಾ ಹೋಯಿತು.

"ನೀವಿನ್ನು ಕಣ್ಣು ಬಿಡಿ," ಎಂದಳು ನರ್ಸ್.

"ಸ್ವಲ್ಪ ತಡೀರಿ ಸಿಸ್ಟರ್," ಎಂದ ಅಂಚೆಯಣ್ಣ. "ಇನ್ನೂ ಕೇಳಿಸ್ತಿದೆ."