ಬಾವಿಯೊಳಗೆ ಯಾರೋ ಫೋನ್ ಎತ್ತಿದರು

ಹೆದರಿಕೆ ಅಂದರೇನು ಅಂತ ನನಗೆ ಗೊತ್ತಿಲ್ಲ. ಒಂದು ಸಲ ಸ್ಮಶಾನದಲ್ಲಿ ಮಲಗಿದ್ದೆ. ನನ್ನ ಗೊರಕೆ ತಾಳಲಾರದೆ ದೆವ್ವಗಳೇ ಎದ್ದು ಬೇರೆ ಕಡೆ ಹೋದವು. ನಗಬೇಡಿ. ಅಂಥ ನಾನು ಕೂಡ ಕತ್ತಲಾದ ಮೇಲೆ ನಮ್ಮ ಬೀದಿಯ ಬಾವಿಯ ಹತ್ತಿರ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ. ಯಾಕೆ ಅಂತ ಹೇಳುತ್ತೇನೆ. ಮೊದಲು ನಿಮ್ಮ ಫೋನುಗಳನ್ನೆಲ್ಲ ಪಕ್ಕಕ್ಕಿಡಿ... ಹಾಂ, ಮುಖ ಕೆಳಗೆ ಮಾಡಿ.

ನನ್ನ ಚಿಕ್ಕಪ್ಪನ ಮಗ ಬೀಗ ರಿಪೇರಿ ಮಾಡುವವನು. ಎಲ್ಲರೂ ಅವನನ್ನು ಕೀಲಿ ಎಂದೇ ಕರೆಯುವುದು. ಅವನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಹೊಸ ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿ ಅವಳ ಹೆಸರು ಕೊನೆಗೂ ಮೇಲೆ ಬಂದಿತ್ತು. ಆಸ್ಪತ್ರೆಯ ಗುಮಾಸ್ತೆ ಖಡಾಖಂಡಿತವಾಗಿ ಹೇಳಿದ್ದಳು. "ಕಿಡ್ನಿ ಸಿಕ್ಕಾಗ ಫೋನ್ ಯಾವ ನಂಬರಿಂದ ಬರುತ್ತೋ ಹೇಳಕ್ಕಾಗಲ್ಲ. ಎರಡು ಸಲ ಮಾಡ್ತೀವಿ. ಎರಡನೇ ಸಲಾನೂ ಸಿಗದಿದ್ರೆ ಮುಂದಿನ ಹೆಸರು."

ಕೀಲಿಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡ್ ಸುತ್ತಿದ್ದ. ಅದು ಬಡಿದುಕೊಳ್ಳಲು ಶುರುಮಾಡಿತು ನೋಡಿ... ಗೊತ್ತಿಲ್ಲದ ನಂಬರು. ಜೀವ ಬಾಯಿಗೆ ಬರುವುದು. ಎತ್ತಿದರೆ ಯಂತ್ರದ ಹೆಂಗಸು. "ನಮಸ್ಕಾರ! ನಿಮಗಾಗಿ ಒಂದು ವಿಶೇಷ ಕೊಡುಗೆ!" ದಿನಕ್ಕೆ ಮೂವತ್ತು, ನಲವತ್ತು. ಸ್ನಾನಕ್ಕೆ ಹೋದರೂ ಫೋನು ಬಕೆಟ್ಟಿನ ಪಕ್ಕ. ಕರೆ ಬೇಡವಾದರೆ ಒಂಬತ್ತು ಒತ್ತಿ ಎಂದಳು, ಒತ್ತಿದ. ಮರುದಿನ ಅರವತ್ತು ಬಂದವು. ನಾನೇ ಒಮ್ಮೆ ಕಿತ್ತುಕೊಂಡು ಗದರಿಸಿದೆ. ನನ್ನ ಗದರಿಕೆಗೆ ಗೂಳಿಗಳು ಹಗ್ಗ ಕಿತ್ತುಕೊಂಡು ಓಡಿವೆ. ಅವಳು ಮಾತ್ರ, "ಮತ್ತೆ ಕೇಳಲು ಎರಡು ಒತ್ತಿ" ಎಂದಳು.

"ಗೊತ್ತಿಲ್ಲದ ನಂಬರೆಲ್ಲ ಬಂದ್ ಮಾಡಿಸೋ ಮಾರಾಯ," ಎಂದೆ.

"ಆಸ್ಪತ್ರೆದು ಹೇಗೆ ಬರುತ್ತಣ್ಣಾ ಆಗ?"

"ನಿನ್ನ ಮಾತೇ ಸರಿ ಕಣೋ," ಎಂದು ಒಪ್ಪಿಕೊಂಡೆ. ನನ್ನ ಜೀವಮಾನದಲ್ಲಿ ಅದೇ ಮೊದಲು.

ಆ ಶನಿವಾರ ರಾತ್ರಿ... ಹನ್ನೊಂದು ದಾಟಿತ್ತು. ಯಾರದೋ ಮನೆಯ ಬೀಗ ತೆಗೆದುಕೊಟ್ಟು ಕೀಲಿ ನಡೆದು ಬರುತ್ತಿದ್ದ. ಬಾವಿಯ ಹತ್ತಿರ ಫೋನು ಬಡಿದುಕೊಂಡಿತು. "ನಮಸ್ಕಾರ!" ಇವನು ಅಲ್ಲೇ ನಿಂತು ಯಂತ್ರಕ್ಕೆ ಅಂಗಲಾಚಲು ಶುರುಮಾಡಿದ.

"ಅಮ್ಮಾ, ಕೈ ಮುಗೀತೀನಿ. ಈ ಲೈನು ಖಾಲಿ ಬಿಡಿ. ನನ್ನ ಹೆಂಡ್ತಿ ಇನ್ನು ಜಾಸ್ತಿ ದಿನ ತಡೆಯಲ್ಲ..."

"ತಪ್ಪು ಆಯ್ಕೆ," ಎಂದಳು ಅವಳು. "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಫೋನನ್ನು ಬೀಸಿ ಎಸೆದ. ಟಕ್... ಬಾವಿಕಟ್ಟೆಯ ಕಲ್ಲಿಗೆ ಬಡಿಯಿತು. ಆಮೇಲೆ, ತುಂಬಾ ಕೆಳಗೆ... ಡುಬುಕ್.

ಏನು ಮಾಡಿಬಿಟ್ಟೆ ಅಂತ ಅವನಿಗೆ ಗೊತ್ತಾಗಿದ್ದು ಆ ಡುಬುಕ್ ಕೇಳಿದ ಮೇಲೆ.

ಬಾವಿಯ ಎದುರಿಗೇ ನನ್ನ ಮನೆ. ಬಾಗಿಲು ತೆಗೆದರೆ ಇವನು ನಿಂತಿದ್ದಾನೆ. "ಅಣ್ಣಾ, ಹಗ್ಗ ಕೊಡು. ಅವಳನ್ನ ನಾನೇ ಕೊಂದುಬಿಟ್ಟೆ." ಬಾಯಿ ಬಿಡಿಸಿ ಕೇಳಿದೆ. ಸಂಗತಿ ತಿಳಿದ ಮೇಲೆ ನನ್ನ ಫೋನಿನಿಂದ ಆಸ್ಪತ್ರೆಗೆ ಮಾಡಿದೆ, ಬೇರೆ ನಂಬರು ಕೊಡೋಣ ಅಂತ. ಅಲ್ಲೂ ಯಂತ್ರದ ಹೆಂಗಸೇ! "ಕಚೇರಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ."

ಕೀಲಿಯ ಚೀಲದಲ್ಲಿ ಬಾವಿಗೆ ಬಿದ್ದ ಬೀಗದ ಕೈ ಎತ್ತುವ ಅಯಸ್ಕಾಂತ ಇತ್ತು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆವು. ಸರ್‌ರ್... ಚಳಕ್. ಅವನು ಬಾವಿಗೆ ಬಗ್ಗಿದ್ದ. ನಾನು ಧೈರ್ಯವಾಗಿ ಅವನ ಹಿಂದೆ ನಿಂತಿದ್ದೆ.

ಆಗ... ಕೆಳಗಿನಿಂದ... ಟ್ರಿಣ್. ಟ್ರಿಣ್.

ನೀರೊಳಗಿಂದ. ಕಂಬಳಿಯಲ್ಲಿ ಸುತ್ತಿಟ್ಟ ಗಂಟೆಯ ಹಾಗೆ. ಬೆಳಕಿಲ್ಲ, ಏನಿಲ್ಲ. ಎರಡನೇ ಸಲಕ್ಕೆ ನಿಂತಿತು. ಯಾರೋ ಎತ್ತಿದ ಹಾಗೆ.

"ನಮಸ್ಕಾರ! ನಿಮಗಾಗಿ ಒಂದು..."

"ಬೇಡಮ್ಮಾ."

ಪಿಸುಮಾತು. ದಣಿದ ಹೆಂಗಸಿನ ದನಿ. ಯಂತ್ರ ತಟ್ಟನೆ ಬಾಯಿ ಮುಚ್ಚಿತು. ತೊಟ್... ತೊಟ್... ನೀರು ಹನಿಯುವ ಸದ್ದು. ಕೀಲಿ ನನ್ನ ಕೈ ಹಿಡಿದುಕೊಂಡ. ಸರಿ, ನಾನೇ ಅವನ ಕೈ ಹಿಡಿದುಕೊಂಡೆ.

"ಯಾರಣ್ಣಾ ಅದು?"

"ಷ್..."

ಟ್ರಿಣ್. ಟ್ರಿಣ್.

"ಹಲೋ... ಹೌದು, ಅವರ ಮನೆಯೇ... ಹ್ಞೂಂ... ಹೇಳ್ತೀನಿ."

ಹಗ್ಗವನ್ನು ಕೆಳಗಿನಿಂದ ಎರಡು ಸಲ ಜಗ್ಗಿದರು. ಆಮೇಲೆ ಅದೇ ದನಿ, ಸ್ವಲ್ಪ ಮೇಲೆ ಬಂದ ಹಾಗೆ...

"ಹೊರಡು."

ನಾವು ಯಾಕೆ, ಏನು ಅಂತ ಕೇಳುತ್ತಾ ನಿಲ್ಲಲಿಲ್ಲ. ಅವನ ಮನೆಯಲ್ಲಿ ಆಸ್ಪತ್ರೆಯ ಚೀಲ ಎರಡು ತಿಂಗಳಿಂದ ಬಾಗಿಲ ಬಳಿಯೇ ಇತ್ತು. ಅವನ ಹೆಂಡತಿ ಗೋಡೆ ಹಿಡಿದು ಎದ್ದಳು. "ಆಸ್ಪತ್ರೆಗೆ ಹೊರಡೋಕೆ ಯಾರು ಹೇಳಿದ್ರು ಭಾವ?"

"ಫೋನ್ ಬಂತಮ್ಮಾ," ಎಂದೆ. ಸುಳ್ಳೇನಲ್ಲವಲ್ಲ.

ನನ್ನ ಡಕೋಟಾ ವ್ಯಾನನ್ನು ಹಾರಿಸಿಕೊಂಡೇ ಹೋದೆ. ಕಿಡ್ನಿ ಬಂತೆಂದು ಗುಮಾಸ್ತೆಯನ್ನು ಮನೆಯಿಂದ ಕರೆಸಿದ್ದರು; ಒಳಗೆ ಕಾಲಿಡುತ್ತಿದ್ದ ಹಾಗೆ ಅವಳು ಕಾಗದ ಮುಂದಕ್ಕೆ ತಳ್ಳಿದಳು. "ಬೇಗ ಬಂದ್ರಲ್ಲ, ಸದ್ಯ! ಮೊದಲ ಸಲ ಮಾಡಿದಾಗ ಲೈನ್ ಬಿಜಿ. ಎರಡನೇ ಸಲ ನಿಮ್ಮ ಮನೆಯವರು ಎತ್ತಿದ್ರು. ಇಲ್ಲದಿದ್ರೆ ಮುಂದಿನ ಹೆಸರಿಗೆ ಹೋಗ್ತಿದ್ದೆ. ಪಾಪ, ಬಚ್ಚಲಲ್ಲಿದ್ರು ಅನ್ಸುತ್ತೆ. ನೀರಿನ ಸದ್ದು ಕೇಳಿಸ್ತಿತ್ತು."

ಕೀಲಿ ಸಹಿ ಹಾಕಿದ. ಅಕ್ಷರ ಸೊಟ್ಟಗಾಗಿತ್ತು.

ಹೊಸ ಕಿಡ್ನಿ ಹಾಕಿಸಿಕೊಂಡು ಅವನ ಹೆಂಡತಿ ಈಗ ಗಟ್ಟಿಮುಟ್ಟಾಗಿದ್ದಾಳೆ. ಮೊನ್ನೆ ನನ್ನ ಕತೆ ಅರ್ಧಕ್ಕೇ ನಿಲ್ಲಿಸಿ, "ಸಾಕು ಬಿಡಿ ಭಾವ" ಎಂದು ಗದರಿಸಿದಳು. ಆ ಬಾವಿಯಲ್ಲಿ ಯಾರೂ ಸತ್ತಿಲ್ಲ, ಯಾರೂ ಬಿದ್ದೂ ಇಲ್ಲ. ಬೀದಿಯ ಹಳಬರನ್ನೆಲ್ಲ ವಿಚಾರಿಸಿದ್ದೇನೆ.

ಆ ರಾತ್ರಿ ಕಳೆದು ಮರುದಿನ ಬೆಳಿಗ್ಗೆ ಹಗ್ಗ ತರಲು ಬಾವಿಗೆ ಹೋದೆ. ಬಾವಿಕಟ್ಟೆಯ ಹೊರಗೆ, ಹುಲ್ಲಿನಲ್ಲಿ, ತುಂಡಾದ ರಬ್ಬರ್ ಬ್ಯಾಂಡು ಬಿದ್ದಿತ್ತು. ಪಕ್ಕದಲ್ಲಿ ಫೋನಿನ ಹಿಂದಿನ ಮುಚ್ಚಳ. ಅದರ ಪಕ್ಕ ಬ್ಯಾಟರಿ. ಟಕ್ ಅಂದಾಗಲೇ ಹಾರಿ ಹೊರಗೆ ಬಿದ್ದದ್ದು.

ಸ್ಮಶಾನದ ಗೊರಕೆ ಸುಳ್ಳು ಅನ್ನಿ, ಒಪ್ಪುತ್ತೇನೆ. ಇದು ಮಾತ್ರ ನಡೆದದ್ದು. ಬ್ಯಾಟರಿ ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಒಂದು ಹನಿ ನೀರು ತಾಗಿಲ್ಲ.