ಕುಲುಕಬಾರದ ಸೀಸೆ

ಗಡಿಯಾರ ನೋಡುತ್ತಲೇ ಮುಗುಳ್ನಗುವ ಕಲೆ ಬಲ್ಲ ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಆಸ್ಪತ್ರೆಯ ಸಹೋದ್ಯೋಗಿಗಳೇ, ತಿಂಡಿಯ ವಾಸನೆ ಬಂದರೂ ಕದಲದೆ ಕೂತಿರುವ ಸಭಿಕರೇ,

ಮೂವತ್ತೆಂಟು ವರ್ಷ ಔಷಧ ಕೊಠಡಿಯಲ್ಲಿ ದುಡಿದು ಇಂದು ನಿವೃತ್ತನಾಗುತ್ತಿದ್ದೇನೆ. ನನ್ನಿಂದ ಒಂದೂ ತಪ್ಪಾಗಿಲ್ಲವೆಂದು ಹಿಂದಿನ ಭಾಷಣಕಾರರು ಹೇಳಿದರು. ಪಾಪ, ಅವರು ಹೊಸಬರು.

ನಮ್ಮಲ್ಲಿ ಮೊನೊಕ್ಲೋನಲ್ ಆಂಟಿಬಾಡಿ ಎಂಬ ಹೊಸ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡುವ ಪರೀಕ್ಷೆ ನಡೆಯಿತಲ್ಲ, ಆ ಔಷಧ ಮಾಡುವುದಾದರೂ ಏನು? ಪರೀಕ್ಷೆ ನಡೆಸಿದ ಡಾಕ್ಟರಮ್ಮ ನನಗೆ ತಿಳಿಸಿಕೊಟ್ಟದ್ದು ಹೀಗೆ. ಎಲ್ಲರ ಮನೆಯಲ್ಲೂ ಮೂಗು ತೂರಿಸುವ ಒಬ್ಬ ಸೋದರಮಾವ ಇರುತ್ತಾನೆ. ದೇಹದಲ್ಲೂ ಅಂಥದ್ದೊಂದು ಪ್ರೋಟೀನು. ಒಂದು ಕಡೆ ಕ್ಯಾನ್ಸರ್ ಗಡ್ಡೆಯ ಬೆನ್ನು ತಟ್ಟುತ್ತದೆ, ಇನ್ನೊಂದು ಕಡೆ ಆರಬೇಕಾದ ಉರಿಯೂತಕ್ಕೆ ಗಾಳಿ ಹಾಕುತ್ತದೆ, ಮತ್ತೊಂದು ಕಡೆ ಮಾಗಿದ ಗಾಯಕ್ಕೂ ಹೊಲಿಗೆ ಹಾಕುತ್ತಾ ಹಾಕುತ್ತಾ ಮೆತ್ತಗಿನ ಅಂಗವನ್ನು ನಾರುಗಟ್ಟಿಸುತ್ತದೆ. ಈ ಔಷಧ ಮಿಕ್ಕ ನೆಂಟರ ತಂಟೆಗೆ ಹೋಗದೆ, ಅವನೊಬ್ಬನನ್ನೇ ಹುಡುಕಿ ಕೈ ಹಿಡಿದು ಕೂರಿಸುತ್ತದೆ. ನಾನೂ ಸೋದರಮಾವನೇ. ಹೋಲಿಕೆ ಹಿಡಿಸಲಿಲ್ಲ, ಆದರೆ ಅರ್ಥವಾಯಿತು.

ನಾರುಗಟ್ಟುತ್ತಿದ್ದದ್ದು ನನ್ನ ಅಕ್ಕನ ಶ್ವಾಸಕೋಶ. ಪರೀಕ್ಷೆಗೆ ಸೇರಿದ್ದಳು. ಒಟ್ಟು ಐದು ಡೋಸು. ಯಾವ ಡೋಸಾದರೂ ಸರಿ, ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ.

ಮೂರನೆಯ ಡೋಸಿನ ದಿನ ಫ್ರಿಜ್ಜಿನಿಂದ ಸೀಸೆ ತೆಗೆದೆ. ಜೀವಮಾನವೆಲ್ಲ ಕೆಮ್ಮಿನ ಮಿಕ್ಸ್ಚರ್ ಕುಲುಕಿದ ಕೈ. ತನ್ನ ಪಾಡಿಗೆ ತಾನು ಗಲಗಲ ಕುಲುಕಿಬಿಟ್ಟಿತು. ಈ ಔಷಧವನ್ನು ಕುಲುಕಬಾರದು ಸಭಿಕರೇ, ಕುಲುಕಿದರೆ ಕೆಡುತ್ತದೆ. ಸೀಸೆಯ ತುಂಬ ನೊರೆ. ದಿಟ್ಟಿಸುತ್ತಾ ನಿಂತೆ. ನೊರೆ ಇಳಿದು ತಿಳಿಯಾಯಿತು. ಯಾರಿಗೆ ಗೊತ್ತಾಗುತ್ತಿತ್ತು? ನನ್ನ ಹೊರತು ಯಾರಿಗೆ? ಬೇರೆ ಸೀಸೆ ಇರಲಿಲ್ಲ. ಇದನ್ನೇ ಕೊಟ್ಟರೆ ಅಕ್ಕನ ಹೆಸರು ಪಟ್ಟಿಯಲ್ಲಿ ಉಳಿಯುತ್ತಿತ್ತು. ಸಿರಿಂಜನ್ನೂ ಬಿಚ್ಚಿದ್ದೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಕೊನೆಗೆ ಸೀಸೆಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಕುಲುಕಿದ್ದನ್ನು ಹೇಳಿದೆ. ಅಕ್ಕನಿಗೂ ಹೇಳಿದೆ.

“ಚಿಕ್ಕಂದಿನಿಂದ್ಲೂ ಕೈ ಸುಮ್ನಿರಲ್ಲ ಕಣೋ ನಿಂದು,” ಅಂದಳು. “ಹೋಗ್ಲಿ, ಹೇಳ್ದೆಯಲ್ಲ. ಮುಚ್ಚಿಟ್ಟಿದ್ರೆ ಸತ್ತರೂ ನಿನ್ನ ಮುಖ ನೋಡ್ತಿರ್ಲಿಲ್ಲ.”

ಡಾಕ್ಟರಮ್ಮ ಔಷಧ ಕಂಪನಿಯವರಿಗೆ ಫೋನಿನ ಮೇಲೆ ಫೋನು ಮಾಡಿದರು. ಏಳನೆಯ ದಿನ ಮಧ್ಯಾಹ್ನ ಹೊಸ ಸೀಸೆ ಬಂತು. ಡೋಸು ಮುಗಿಯುವವರೆಗೂ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಐದೂ ಮುಗಿದವು. ನಾರು ಮುಂದಕ್ಕೆ ಬೆಳೆದಿಲ್ಲವೆಂದು ಸ್ಕ್ಯಾನ್ ಯಂತ್ರ ಹೇಳಿತು. ಆದರೆ ನಾನು ನಂಬಿದ್ದು ಇಂದು ಬೆಳಿಗ್ಗೆ. ಈ ಅಂಗಿ ತೊಟ್ಟದ್ದಕ್ಕೆ ಅಕ್ಕ ನನ್ನನ್ನು ಮನೆಬಾಗಿಲಿನಿಂದ ಬಸ್ ನಿಲ್ದಾಣದವರೆಗೂ ಬೈದಳು. ಮೊದಲೆಲ್ಲ ಎರಡು ಬೈಗುಳಕ್ಕೊಮ್ಮೆ ನಿಂತು ಉಸಿರೆಳೆಯುತ್ತಿದ್ದವಳು, ಇಂದು ಎಲ್ಲೂ ನಿಲ್ಲಲಿಲ್ಲ. ಇಂಥ ಬೈಗುಳಕ್ಕೆ ಕಣ್ಣು ಒದ್ದೆಯಾದವನು ಬಹುಶಃ ನಾನೊಬ್ಬನೇ.

ಅಗೋ, ಮೂರನೆಯ ಸಾಲಿನಿಂದ ‘ಸಾಕು, ಇಳಿ’ ಎಂದು ಕೈ ಮಾಡುತ್ತಿದ್ದಾಳೆ. ಅವಳ ಉಸಿರನ್ನು ಉಳಿಸಿಕೊಟ್ಟ ನಿಮಗೆಲ್ಲ ಕೃತಜ್ಞತೆಗಳು. ಆ ಉಸಿರನ್ನು ಅವಳು ನನ್ನ ಮೇಲೆಯೇ ಖರ್ಚು ಮಾಡುತ್ತಿದ್ದಾಳೆ. ಮಾಡಲಿ. ನಮಸ್ಕಾರ.