ಕುಚ್ಚಿಗೆ ಅಕ್ಕಿಯ ಗಂಜಿ

ಎಂತಕೆ ನಗ್ತೀಯೆ ಬೀರಿ? ಹೌದೇ ಮಾರಾಯ್ತಿ, ವಿಮಾನ ಹತ್ತಿ, ಸಮುದ್ರ ದಾಟಿ, ಆಫ್ರಿಕಾಕ್ಕೆ ಹೋಗಿ ಅಲ್ಲಿ ಆಸ್ಪತ್ರೇಲಿ ನಾ ಮಾಡಿದ್ದು ಗಂಜಿಯೇ! ಸೂಜಿ ಚುಚ್ಚಲಿಕ್ಕೆ ನಾ ಎಂತ ನರ್ಸಾ? ಹಿಲ್ಲೂರು ಶಾಲೆ ಅಕ್ಕೋರು. ನಿನ್ನ ಮಗಳು ಹೊನ್ನುಗೆ ಮಗ್ಗಿ ಕಲಿಸಿದ ರಂಜನಾ ಅಕ್ಕೋರು, ಅಷ್ಟೇ.

ಸರೀ ಕೂತ್ಕೊ, ಆಸ್ಪತ್ರೆ ಬೆಂಚಿನ ತುದೀಲಿ ಎಂತಕೆ ಕೂತಿದ್ದಿ? ಹೊನ್ನುಗೆ ಎಂತ ಆಗೂದಿಲ್ಲ. ಅಪೆಂಡಿಕ್ಸ್ ಅಂದ್ರೆ ಈಗಿನ ಕಾಲಕ್ಕೆ ದೊಡ್ಡ ಆಪರೇಶನ್ನೇ ಅಲ್ಲ. ಹತ್ತು ಗಂಟೆಗೆ ಒಳಗೆ ಕರ್ಕೊಂಡು ಹೋಗ್ತಾರೆ, ಹನ್ನೊಂದಕ್ಕೆ ಮುಗೀತು. ಹೊಟ್ಟೆ ಖಾಲಿ ಇರಬೇಕು, ಅದೊಂದೇ. ಸಿಸ್ಟರು ನಿಂಗೆ ಹೇಳಿದ್ದೂ ಅದೇ ಅಲ್ವೇ? ನೀ ಗೊಣಗಿದೆ, 'ಹಸಿದ ಹೊಟ್ಟೇಲಿ ಹುಡುಗಿನ ಹ್ಯಾಂಗೆ ಕಳಸೂದು' ಅಂತ. ಅದಕ್ಕೇ ಈ ಕತೆ ತೆಗೆದೆ ನಾನು.

ತಮ್ಮ ಮಧುಕರ ಟಾಂಜಾನಿಯಾದಲ್ಲಿ ಸಕ್ಕರೆ ಫ್ಯಾಕ್ಟರಿಲಿದ್ದ. ಹೋದ ವರ್ಷ, ಎರಡು ಸಾವಿರದ ಐದರ ಬೇಸಿಗೆ ರಜೆಗೆ, 'ಅಕ್ಕಾ, ಸಿಂಹ ನೋಡ್ಲಿಕ್ಕೆ ಬಾ' ಅಂದ. ಎಷ್ಟು ದಿನ ಅಂತ ಸಿಂಹ ನೋಡೂದು? ಮನೆ ಪಕ್ಕದಲ್ಲೇ ಆಸ್ಪತ್ರೆ. ಅಲ್ಲಿ ರೋಗಿಗೆ ಮನೆಯವರೇ ಅಂಗಳದಲ್ಲಿ ಒಲೆ ಹೂಡಿ ಬೇಯಿಸಿ ಹಾಕಬೇಕು. ಯಾರೂ ಇಲ್ದೇ ಇದ್ದವರು? ಉಪವಾಸ! ಊರಿಂದ ನಮ್ಮ ಕೆಂಪು ಕುಚ್ಚಿಗೆ ಅಕ್ಕಿ ಒಯ್ದಿದ್ದೆ, ಮಿಡಿ ಉಪ್ಪಿನಕಾಯಿ ಇತ್ತು. ದಿನಾ ಬೆಳಿಗ್ಗೆ ಹೋಗಿ ಗಂಜಿ ಬೇಯಿಸಿ ಉಣಿಸ್ತಿದ್ದೆ. ಅದಕ್ಕೇ ಅಲ್ವೇ ಬಂದ ಮೇಲೆ ಅಂಕೋಲೆಲಿ ಸತ್ಕಾರ ಮಾಡಿ ಶಾಲು ಹೊದೆಸಿದ್ದು...

ಆ ಶಾಲು ಟ್ರಂಕಿನಲ್ಲೇ ಇದೆ. ಒಂದು ದಿನವೂ ಹೊದ್ದುಕೊಳ್ಳಲಿಲ್ಲ. ಇರಲಿ ಬಿಡು.

ಅಲ್ಲೊಂದು ಹುಡುಗಿ ಇತ್ತು, ನೀಮಾ ಅಂತ. ಹನ್ನೆರಡು ವರ್ಷ. ತಾಯಿ ಇಲ್ಲ. ಅದಕ್ಕೂ ಹೊಟ್ಟೆದೇ ಆಪರೇಶನ್ನು. ಏನೂ ಕೊಡಬೇಡಿ ಅಂತ ಡಾಕ್ಟರು ಎಲ್ಲರಿಗೂ ಹೇಳಿದ್ದರು. ಹುಡುಗಿ ಕೈ ಹಿಡಿದು ಬಾಯಿ ತೋರಿಸ್ತು... ಹಸಿವೆ ಅಂತ. ಅಲ್ಲೊಬ್ಬಳು ಆಯಾ ಇದ್ದಳು, ಹಲೀಮಾ. ಅವಳು ಕೊಟ್ಟುಬಿಟ್ಟಳು. ಒಂದು ಲೋಟ ಗಂಜಿ. ಮದ್ದು ಕೊಟ್ಟು ಮಲಗಿಸಿದ ಮೇಲೆ ಅದು ಮೇಲೆ ಬಂತು ಬೀರಿ, ಶ್ವಾಸಕ್ಕೆ ಹೋಯ್ತು. ಹುಡುಗಿ ಏಳಲೇ ಇಲ್ಲ.

ಹಲೀಮಾನ ಕೆಲಸ ಹೋಯ್ತು. ಹೋಗದೇ ಮತ್ತೆ?

ಎಂತಕೆ ಹಾಗೆ ನನ್ನ ಮುಖವನ್ನೇ ನೋಡ್ತೀ? ನಾ ಕಂಡದ್ದೇ ಹೇಳಿದ್ದು. ಗೇಟಿನ ಹತ್ತಿರ ನಿಂತು ಅತ್ತಳು ಪಾಪ, 'ನಾನಲ್ಲ, ನಾನಲ್ಲ' ಅಂತ. ಯಾರೂ ನಂಬಲಿಲ್ಲ. ಡಾಕ್ಟರು ಹೇಳಿದರು, ಹುಡುಗಿ ಬಾಯಲ್ಲಿ ಅಗುಳು ಸಿಕ್ಕಿತು ಅಂತ. ದಪ್ಪ ಅಗುಳು, ಕೆಂಪು...

ಎಂತ? ಎಂತಕೆ ತಲೆ ಕೆಳಗೆ ಹಾಕಿದೆ?

ಗೊತ್ತಾಯ್ತು ನಿಂಗೆ. ಗದ್ದೆ ಮಾಡುವವಳಿಗೆ ಅಕ್ಕಿ ಗುರುತು ಹೇಳಿಕೊಡಬೇಕಾ? ಆ ದೇಶದಲ್ಲಿ ಹಲೀಮಾಗೆ ನಮ್ಮ ಕುಚ್ಚಿಗೆ ಅಕ್ಕಿ ಎಲ್ಲಿಂದ ಬರಬೇಕು! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂಗೆ ಆಯ್ತು ನಂದು.

ನಾನೇ ಕೊಟ್ಟೆ. ನಮ್ಮಲ್ಲಿ ಹೊಸ್ತಿಲು ದಾಟುವವರನ್ನ ಹಸಿದ ಹೊಟ್ಟೇಲಿ ಕಳಸ್ತಾರೇನೆ? ಒಂದು ಲೋಟ ತಿಳಿ ಗಂಜಿ, ಎಂತ ಆಗ್ತದೆ ಅಂದುಕೊಂಡೆ. ಡಾಕ್ಟರಿಗಿಂತ ನಂಗೇ ಹೆಚ್ಚು ಗೊತ್ತು ಅಂದುಕೊಂಡೆ. ಆಮೇಲೆ ಡಾಕ್ಟರು 'ಯಾರು ಕೊಟ್ಟದ್ದು' ಅಂತ ಕೇಳಿದರು. ಅವರ ಕಣ್ಣು ಹಲೀಮಾ ಕಡೆ ತಿರುಗಿತು. ನಾ ಸುಮ್ಮನೆ ನಿಂತೆ. ಅಷ್ಟೇ ಮಾಡಿದ್ದು, ಸುಮ್ಮನೆ ನಿಂತೆ! ನಾಚಿಕೆ ಆಗ್ತದೆ ಬೀರಿ. ಮಕ್ಕಳಿಗೆ ನಿಜ ಹೇಳಿ ಅಂತ ಬೋರ್ಡಿನ ಮೇಲೆ ಬರೆಯೂ ಕೈ ಇದು.

ಬೈಯೇ ಒಮ್ಮೆ. ಥೂ ಅನ್ನು.

ಬೀರಿ? ಅಳ್ತೀಯಾ? ನೀಮಾ ನಿಂಗೆ ಯಾರು ಅಂತ ಅಳ್ತೀ?

ಸೆರಗಿನಡಿ ಎಂತ ಅದು? ತೋರಿಸು. ಕೈ ತೆಗೆಯೇ!

ಲೋಟ. ಖಾಲಿ. ತಳದಲ್ಲಿ ಅಗುಳು...

ಯಾವಾಗ ಕೊಟ್ಟೆ? ಸಿಸ್ಟರು ಹೋದ ಮೇಲಾ? ಹೊನ್ನು ಪೂರ್ತಿ ಕುಡಿದಳಾ? ಅಯ್ಯೋ ದೇವರೇ, ಏಳು, ಸಿಸ್ಟರಿಗೆ ಹೇಳೂವಾ! ಎಂತ, ಹೆದರಿಕೆಯಾ? ಡಾಕ್ಟರು ಎಲ್ಲರೆದುರು ಬೈತಾರೆ ಅಂತ ಸುಮ್ಮನಿದ್ದೆಯಾ? ನಾ ನಿಂಗೆ ಬೈಲಿಕ್ಕೆ ಯಾವ ಮುಖ ಇಟ್ಕೊಂಡು ಬೈಲಿ... ನೋಡು, ಗಾಡಿ ತಂದರು. ಹೊನ್ನುನ ಮಲಗಿಸ್ತಿದ್ದಾರೆ. ಲೋಟ ಇತ್ತ ಕೊಡು. ನನ್ನ ಕೈಗೆ ಕೊಡೇ!

ಸಿಸ್ಟರ್! ನಿಲ್ಲಿ, ಒಳಗೆ ಒಯ್ಯಬೇಡಿ! ಹುಡುಗಿ ಹೊಟ್ಟೆಗೆ ಗಂಜಿ ಹೋಗಿದೆ. ಇವಳನ್ನ ನೋಡಬೇಡಿ, ಇವಳಲ್ಲ...

ಗಂಜಿ ಕೊಟ್ಟವಳು ನಾನು.